ಎಡಗಡೆಯ ಚಟ್ನಿ

ಸ್ವಂತ ತಮ್ಮನನ್ನು ಒಂದೇ ಪರೀಕ್ಷೆಯಲ್ಲಿ ಎರಡೆರಡು ಸಲ ಫೇಲು ಮಾಡಿದ ಅಕ್ಕ ಈ ಭೂಮಂಡಲದಲ್ಲಿ ಯಾರಾದರೂ ಇದ್ದರೆ ಅದು ನಮ್ಮಕ್ಕ ಒಬ್ಬಳೇ. ಇನ್ನೊಬ್ಬಳಿದ್ದರೆ ಕರೆತನ್ನಿ, ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ! ಎಡಗಡೆಯದೋ ಬಲಗಡೆಯದೋ ಎಂದು ಮಾತ್ರ ಈಗಲೇ ಕೇಳಬೇಡಿ. ಅವಳಿಗೂ ನನಗೂ ಇದ್ದ ತಕರಾರೇ ಅದು.

ಪರೀಕ್ಷೆ ಅಂದರೆ ಶಾಲೆಯದಲ್ಲ. ಶಾಲೆಯಲ್ಲಿ ಫೇಲಾಗುವುದು ನನಗೆ ರೂಢಿಯಿತ್ತು, ಮನೆಯವರಿಗೂ ಇತ್ತು. ಇದು ಇಪ್ಪತ್ತಾರು ವರ್ಷದ ಗಂಡಸಿನ ನೌಕರಿಯ ಪ್ರಶ್ನೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಆಪರೇಟರ್ ಆಗಿದ್ದೆ. ದೊಡ್ಡ ಹಂಡೆಗಳಂಥ ರಿಯಾಕ್ಟರುಗಳು, ಅವುಗಳ ಮುಂದೆ ಮೀಟರುಗಳ ಒಂದು ಗೋಡೆ, ಆ ಗೋಡೆಯ ಮುಂದೆ ಖಾಕಿ ಅಂಗಿಯ ನಾನು. ಯಾವ ಮುಳ್ಳು ಎಲ್ಲಿಗೆ ಬಂದರೆ ಯಾವ ವಾಲ್ವ್ ತಿರುಗಿಸಬೇಕೆಂಬುದು ನನಗೆ ಬಾಯಿಪಾಠ. ನನ್ನ ಇಡೀ ಜನ್ಮದಲ್ಲಿ ನಾನು ಚೆನ್ನಾಗಿ ಮಾಡುತ್ತಿದ್ದ ಕೆಲಸ ಅದೊಂದೇ. ಆ ಕೆಲಸಕ್ಕೆ ಕಲ್ಲು ಹಾಕಿದವಳು ನನ್ನ ಒಡಹುಟ್ಟಿದವಳು. ಹೊಟ್ಟೆ ಉರಿಯುವುದಿಲ್ಲವೇ?

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಧಾರವಾಡದಲ್ಲಿ ಓದಿ, ಬೆಂಗಳೂರಿನಲ್ಲಿ ತರಬೇತಿ ಮುಗಿಸಿ, ಠಾಣೆಯ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ನ್ಯೂರೋಸೈಕಾಲಜಿಸ್ಟ್ ಆಗಿ ಸೇರಿಕೊಂಡಿದ್ದಳು. ಅವಳ ಹಿಂದೆಯೇ ಅವ್ವ ಮತ್ತು ನಾನು ಕಲ್ಯಾಣಕ್ಕೆ ಬಂದು ಎರಡು ಖೋಲಿಯ ಮನೆ ಹಿಡಿದೆವು. ತಲೆಗೆ ಪೆಟ್ಟು ಬಿದ್ದವರು, ಲಕ್ವ ಹೊಡೆದವರು, ಮೆದುಳಿನ ಆಪರೇಷನ್ ಆದವರು ಅವಳ ಬಳಿ ಬರುತ್ತಿದ್ದರು. ಅವರಿಗೆ ಪ್ರಶ್ನೆ ಕೇಳಿ, ಚಿತ್ರ ತೋರಿಸಿ, ಮರದ ತುಂಡು ಜೋಡಿಸಲು ಕೊಟ್ಟು, ಮೆದುಳಿನ ಯಾವ ಕೆಲಸ ನಡೆದಿದೆ, ಯಾವುದು ನಿಂತಿದೆ ಎಂದು ಪತ್ತೆ ಹಚ್ಚುವುದು ಅವಳ ಉದ್ಯೋಗ. ಸೂಜಿಯಿಲ್ಲ, ಔಷಧಿಯಿಲ್ಲ, ಕೊರಳಲ್ಲಿ ಒಂದು ಸ್ಟಾಪ್‌ವಾಚು. ಇದನ್ನು ಓಣಿಯವರಿಗೆ ತಿಳಿಸಿ ಹೇಳುವುದು ಹೇಗೆ? ಅವ್ವ ನಾಲ್ಕು ದಿನ ಪ್ರಯತ್ನಪಟ್ಟು, ಐದನೇ ದಿನ "ನನ್ನ ಮಗಳು ತಲಿ ಡಾಕ್ಟರ್" ಎಂದು ಸಾರಿಬಿಟ್ಟಳು. ಮರುದಿನವೇ ಕೆಳಗಿನ ಮನೆಯಾಕೆ ಮಗಳನ್ನು ಕರೆತಂದಳು. ಹುಡುಗಿಯ ತಲೆ ತುಂಬ ಹೇನು!

ನೀವಾದರೆ ಏನು ಮಾಡುತ್ತಿದ್ದಿರಿ? ನಮ್ಮಕ್ಕ ಬಾಚಣಿಗೆ ತಂದು ಕೂತಳು. ಹೇನು ತೆಗೆಯುತ್ತ ತೆಗೆಯುತ್ತ ಆ ಹುಡುಗಿಯಿಂದ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಸಿದಳು. ತಾಸಿನೊಳಗೆ ಹೇನೂ ಹೋದವು, ಹುಡುಗಿಯ ಸ್ಮರಣಶಕ್ತಿ ಎಷ್ಟಿದೆ ಎಂಬುದೂ ವಹಿಯಲ್ಲಿ ದಾಖಲಾಯಿತು.

ವಹಿ! ಆ ವಹಿಯ ಬಗ್ಗೆ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ರೋಗಿಯ ಮೆದುಳು ಕೆಟ್ಟಿದೆ ಎನ್ನಬೇಕಾದರೆ ಕೆಡದ ಮೆದುಳು ಹೇಗಿರುತ್ತದೆಂದು ಗೊತ್ತಿರಬೇಕಲ್ಲ? ಆದ್ದರಿಂದ ಅವಳಿಗೆ ಸದಾ ಸರಿಯಾದ ಮನುಷ್ಯರ ಹಸಿವು. ಹಾಲಿನವನು, ಇಸ್ತ್ರಿಯವನು, ಸತ್ಯನಾರಾಯಣ ಪೂಜೆಗೆ ಬಂದ ಭಟ್ಟರು, ಯಾರನ್ನೂ ಬಿಡುತ್ತಿರಲಿಲ್ಲ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಂತೂ ಅವಳ ಪ್ರಯೋಗಶಾಲೆಯೇ ಆಗಿತ್ತು. "ಠಾಣೆಯಿಂದ ಕಲ್ಯಾಣದವರೆಗಿನ ಸ್ಟೇಷನ್ ಹೇಳಿ. ಈಗ ಹಿಂದಿನಿಂದ ಹೇಳಿ. ಈಗ ಒಂದು ಬಿಟ್ಟು ಒಂದು ಹೇಳಿ." ಹೆಂಗಸರು ಅವರೆಕಾಯಿ ಸುಲಿಯುತ್ತ ಪೈಪೋಟಿಗೆ ಬಿದ್ದು ಹೇಳುತ್ತಿದ್ದರು. ಒಂದು ಸಂಜೆ ಮುಂಬ್ರಾದ ಒಬ್ಬಾಕೆ ಹಿಂದಿನಿಂದಲೂ ಮುಂದಿನಿಂದಲೂ ಒಂದೂ ತಪ್ಪಿಲ್ಲದೆ ಹೇಳಿ, ಎಲ್ಲರಿಂದ ಶಾಭಾಸ್ ಪಡೆದು ಕಿಟಕಿಯಿಂದ ಹೊರಗೆ ನೋಡಿದರೆ, ಟ್ರೇನು ಡೊಂಬಿವಲಿಯಲ್ಲಿ ನಿಂತಿತ್ತು! ಪಾಪ, ಆಕೆ ಲಬೋಲಬೋ ಎಂದು ಇಳಿದು ಓಡಿದಳು. ನಮ್ಮಕ್ಕ ವಹಿ ತೆಗೆದು ಬರೆದಳು: ಸ್ಮರಣೆ ಉತ್ತಮ, ಲಕ್ಷ್ಯ ಸಾಲದು.

ಅವಳನ್ನು ನೋಡಲು ಬಂದ ವರನನ್ನೂ ಬಿಡಲಿಲ್ಲ ಎಂದರೆ ನಂಬುತ್ತೀರಾ? ಹುಬ್ಬಳ್ಳಿಯ ಕಡೆಯವರು, ಬ್ಯಾಂಕಿನ ಹುಡುಗ, ಮಾಟುಂಗಾದಲ್ಲಿ ಸ್ವಂತ ಜಾಗ. ಅವ್ವ ಮೂರು ದಿನ ಚಕ್ಕುಲಿ ಕರಿದಿದ್ದಳು. ಹುಡುಗ "ನೀವೂ ಏನಾರ ಕೇಳೂದಿದ್ರ ಕೇಳ್ರಿ" ಎಂದು ದೊಡ್ಡ ಮನಸ್ಸು ಮಾಡಿದ. ಅವನ ಗ್ರಹಚಾರ.

"ಕೈ ಕೆಸರಾದರ ಬಾಯಿ ಮೊಸರು ಅಂತಾರಲ್ರಿ, ಹಂಗಂದ್ರೇನು?" ಎಂದು ಅಕ್ಕ ಕೇಳಿದಳು. ಗಾದೆಯ ಒಳ ಅರ್ಥ ಹೇಳಲು ಬರುತ್ತದೋ ಇಲ್ಲವೋ ನೋಡುವುದು ಅವಳ ಪರೀಕ್ಷೆಗಳಲ್ಲೊಂದು.

ವರ ಚಕ್ಕುಲಿ ಕಡಿಯುವುದನ್ನು ನಿಲ್ಲಿಸಿ ಗಂಭೀರವಾಗಿ ಯೋಚಿಸಿದ. "ಅಂದ್ರ... ಮೊಸರು ಉಣ್ಣೂಕಿಂತ ಮೊದಲ ಕೈ ಸ್ವಚ್ಛ ತೊಳ್ಕೋಬೇಕು ಅಂತ್ರಿ."

ಸ್ಟಾಪ್‌ವಾಚು ಟಕ್ಕೆಂದಿತು. ಅಲ್ಲಿಗೆ ಮಾಟುಂಗಾದ ಜಾಗ ನಮ್ಮ ಕೈತಪ್ಪಿತು. ಅವ್ವ ತಿಂಗಳುಗಟ್ಟಲೆ ಆ ಗಾದೆಯನ್ನೇ ಬೈಯುತ್ತಿದ್ದಳು.

ಇಷ್ಟೆಲ್ಲ ನಾನು ಸಹಿಸಿಕೊಂಡೆ. ಅವಳ ಹುಚ್ಚು ಅವಳಿಗೆ, ನಮಗೇನು ಎಂದುಕೊಂಡೆ. ಆದರೆ ಆ ಹಮಾಲನ ಪ್ರಸಂಗ ಕೇಳಿ, ಆಮೇಲೆ ನನ್ನ ಸಿಟ್ಟು ನ್ಯಾಯವೋ ಅಲ್ಲವೋ ನೀವೇ ಹೇಳಿ.

ಕಲ್ಯಾಣ ಸ್ಟೇಷನ್ನಿನ ಹಮಾಲನೊಬ್ಬನಿಗೆ ತಲೆಯ ಮೇಲೆ ಟ್ರಂಕು ಬಿದ್ದು ಪೆಟ್ಟಾಗಿತ್ತು. ಅವನ ಬುದ್ಧಿ ಸರಿಯಿದೆ ಎಂದು ಅಕ್ಕ ಬರೆದುಕೊಟ್ಟರೆ ಮಾತ್ರ ಅವನ ತೋಳಿನ ಹಿತ್ತಾಳೆ ಬಿಲ್ಲೆ, ಅಂದರೆ ಹಮಾಲಿಯ ಲೈಸೆನ್ಸು, ಉಳಿಯುತ್ತಿತ್ತು. ಆಸ್ಪತ್ರೆಯಲ್ಲಿ ವಿಲಾಯತಿಯಿಂದ ತರಿಸಿದ ಚಿತ್ರಗಳ ಒಂದು ಪೆಟ್ಟಿಗೆ. ಒಂದು ಚಿತ್ರದಲ್ಲಿ ಮನೆ, ಸುತ್ತಲೂ ಹಿಮ, ಮಾಡಿನ ಮೇಲೆ ಹೊಗೆಗೊಳವೆ. ಚಿತ್ರದಲ್ಲಿ ಏನು ಬಿಟ್ಟುಹೋಗಿದೆ ಹೇಳು ಎಂದು ಕೇಳಬೇಕು. ಹೊಗೆ ಇಲ್ಲ ಎಂದರೆ ಸರಿ. ಹಮಾಲ ಚಿತ್ರವನ್ನು ಬಹಳ ಹೊತ್ತು ನೋಡಿ, "ಬಾಗಿಲ ಮುಂದ ಚಪ್ಲಿ ಇಲ್ರಿ ಬಾಯಾರ. ಮನ್ಯಾಗ ಯಾರೂ ಇಲ್ಲ" ಎಂದ. ಅವನು ವಿಜಾಪುರದವನು. ಪುಸ್ತಕದ ಪ್ರಕಾರ ಉತ್ತರ ತಪ್ಪು. ಇಂಥವೇ ಇನ್ನೂ ನಾಲ್ಕು ತಪ್ಪಾಗಿ, ಮೇಲಿನ ಸಾಹೇಬರು ಬುದ್ಧಿಮಾಂದ್ಯ ಎಂದು ಷರಾ ಬರೆಯಲು ಪೆನ್ನು ತೆಗೆದರು.

ಅಕ್ಕ ಆ ದಿನ ಸಾಹೇಬರ ಮೇಜು ಗುದ್ದಿದಳಂತೆ. "ಚಪ್ಪಲಿ ಇಲ್ಲದ ಮನ್ಯಾಗ ಜನಾ ಇರ್ತಾರೇನ್ರಿ ಸರ್? ಹಿಮ ಇವರಪ್ಪ ಕಂಡಾನೋ, ನಿಮ್ಮಪ್ಪ ಕಂಡಾನೋ?" ಎಂದಳಂತೆ. ಕೆಲಸ ಉಳಿದದ್ದು ಪುಣ್ಯ! ಮನೆಗೆ ಬಂದವಳೇ ಒಂದು ತಿಂಗಳು ಕೂತು ತನ್ನದೇ ಚಿತ್ರಗಳನ್ನು ಬರೆದಳು. ಹಿಡಿಕೆಯಿಲ್ಲದ ಊಟದ ಡಬ್ಬಿ, ಬರ್ನರಿಲ್ಲದ ಸ್ಟೋವು, ತುಳಸಿಯಿಲ್ಲದ ತುಳಸಿಕಟ್ಟೆ, ಖಾಲಿ ಲೋಕಲ್ ಟ್ರೇನು. ಖಾಲಿ ಟ್ರೇನು ನೋಡಿದ ಹಮಾಲ ನಕ್ಕುಬಿಟ್ಟ. "ಮಂದಿ ಎಲ್ರಿ ಬಾಯಾರ?" ಪಾಸ್! ಬಿಲ್ಲೆ ಮರಳಿ ತೋಳಿಗೆ ಬಂತು. ಆಮೇಲೆ ಬಹಳ ವರ್ಷ ಅವನು ನಮ್ಮ ಮನೆಯ ಯಾವ ಗಂಟನ್ನೂ ನಮಗೆ ಹೊರಲು ಬಿಡಲಿಲ್ಲ.

ನೋಡಿದಿರಾ? ಗುರುತಿಲ್ಲದ ಹಮಾಲನ ಬಿಲ್ಲೆಗಾಗಿ ಸಾಹೇಬರ ಮೇಜು ಗುದ್ದಿದವಳು, ಬೆನ್ನಿಗೆ ಬಿದ್ದ ತಮ್ಮನ ಪಾಲಿಗೆ ಏನಾದಳು!

ಆ ದಿನ ಬೆಳಿಗ್ಗೆ ಕಲ್ಯಾಣದಲ್ಲಿ ಲೋಕಲ್ ಹತ್ತಿದೆ. ಎರಡು ಸ್ಟೇಷನ್ನಿನ ಪ್ರಯಾಣಕ್ಕೆ ಯಾರು ಒಳಗೆ ಹೋಗುತ್ತಾರೆ? ಬಾಗಿಲಲ್ಲೇ ಜೋತುಬಿದ್ದಿದ್ದೆ. ಠಾಕುರ್ಲಿಯಲ್ಲಿ ಟ್ರೇನು ನಿಧಾನವಾಗುತ್ತಿದ್ದಾಗ ಊಟದ ಡಬ್ಬಿ ಕೈಜಾರಿತು. ಹಿಡಿಯಲು ಬಾಗಿದೆ. ಡಬ್ಬಿ ಸಿಕ್ಕಿತು, ಟ್ರೇನು ಬಿಟ್ಟುಹೋಯಿತು. ತಲೆಯ ಬಲಭಾಗ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿಗೆ ಬಡಿಯಿತು. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದೆ. ಕೈಕಾಲು ಆಡುತ್ತಿದ್ದವು, ಮಾತು ಸ್ಪಷ್ಟವಾಗಿತ್ತು, ಸಿಟ್ಟು ಮೊದಲಿನಷ್ಟೇ ಇತ್ತು. ಇನ್ನೇನು ಬೇಕು? ಗಂಡಾಂತರ ಕಳೆಯಿತೆಂದು ಅವ್ವ ದೇವರಿಗೆ ಅಭಿಷೇಕ ಮಾಡಿಸಿ ಹತ್ತು ಜನಕ್ಕೆ ಬಾಳೆಎಲೆ ಹಾಕಿದಳು.

ನಾನು ಎಲೆಯ ಮುಂದೆ ಕೂತೆ. ನೋಡುತ್ತೇನೆ, ಉಪ್ಪಿಲ್ಲ! ಚಟ್ನಿಯಿಲ್ಲ! ಕೋಸಂಬರಿಯ ಸುಳಿವೇ ಇಲ್ಲ! ಪಕ್ಕದಲ್ಲಿ ಕೂತಿದ್ದವರು ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ ರಾಯರು. ಅವರ ಎಲೆಯಲ್ಲಿ ಎಲ್ಲವೂ ಇದೆ. ಸಾವಿನ ಬಾಯಿಂದ ಎದ್ದು ಬಂದವನ ಎಲೆಯಲ್ಲಿ ಬರೀ ಪಲ್ಯ ಮತ್ತು ಅನ್ನ.

"ಅವ್ವಾ, ನನಗೇನು ಪಥ್ಯ ಹಾಕೀಯೇನು? ಚಟ್ನಿ ಎಲ್ಲದ?"

ಅವ್ವ ಓಡಿಬಂದು ಬಡಿಸಿದಳು. ನನಗೆ ಕಾಣಲಿಲ್ಲ. ಮತ್ತೆ ಕೂಗಿದೆ. ಮತ್ತೆ ಬಡಿಸಿದಳು. ಮೂರನೇ ಸಲ ಕೂಗಿದಾಗ ರಾಯರು ನನ್ನ ಎಲೆಗೆ ಬಗ್ಗಿ ನೋಡಿ, "ಎಂತ ಮಾರಾಯ್ರೆ, ನಿಮ್ಮ ಎಲೆಯಲ್ಲಿ ಚಟ್ನಿಯ ಗುಡ್ಡವೇ ಉಂಟಲ್ಲ!" ಎಂದರು. ಜನ ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದರು. ನನಗೋ ಮೈಯೆಲ್ಲ ಉರಿ.

ಆಗ ಅಕ್ಕ ಬಂದಳು. ಬಗ್ಗಿ, ನನ್ನ ಎಲೆಯನ್ನು ಅನ್ನದ ಸಮೇತ ಅರ್ಧ ಸುತ್ತು ತಿರುಗಿಸಿಬಿಟ್ಟಳು. ಬಡಿಸಿದ ಎಲೆ ತಿರುಗಿಸುವುದುಂಟೇ! ಅವ್ವ "ಅಯ್ಯಯ್ಯ, ಅಪಶಕುನ!" ಎಂದು ಚೀರಿದಳು. ನನ್ನ ಎಲೆಯಲ್ಲಿ ಮಾತ್ರ ಪವಾಡ. ಉಪ್ಪು, ಕೋಸಂಬರಿ, ಮೂರು ಗುಡ್ಡೆ ಚಟ್ನಿ, ಎಲ್ಲ ಪ್ರತ್ಯಕ್ಷ!

"ಹಾಂ, ಈಗ ಬಡಿಸಿದ್ರಿ ನೋಡು. ಆದರ ಪಲ್ಯ ಯಾಕ ಕಸಕೊಂಡ್ರಿ?" ಎಂದೆ.

ಈ ಸಲವಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ನಗಲಿಲ್ಲ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಊಟ ಮುಗಿದ ಮೇಲೆ ಒಳಕೋಣೆಯಲ್ಲಿ ಕೂರಿಸಿ ಗಡಿಯಾರ ಬರಿ ಎಂದಳು. ಬರೆದೆ. ದುಂಡಗೆ ಸುತ್ತು, ಒಂದರಿಂದ ಹನ್ನೆರಡರವರೆಗೆ ಅಂಕಿ, ಒಂದೂ ಬಿಟ್ಟಿಲ್ಲ. ಹನ್ನೆರಡೂ ಬಲಗಡೆಯ ಅರ್ಧದಲ್ಲೇ ತುರುಕಿಕೊಂಡಿದ್ದವು ಎಂಬುದು ಅವಳ ತಕರಾರು. ಎಡಗಡೆ ಬರೀ ಬಿಳಿ ಕಾಗದವಂತೆ. ನನಗೆ ಗಡಿಯಾರ ಸರಿಯಾಗಿಯೇ ಕಂಡಿತು.

"ಕಣ್ಣಿಗೆ ಏನೂ ಆಗಿಲ್ಲೋ. ಬಲಗಡಿ ಮೆದುಳಿಗೆ ಪೆಟ್ಟು ಬಿದ್ದದ. ಎಡಗಡಿ ಅನ್ನೂದು ಒಂದು ಅದ ಅಂತ ಅದಕ್ಕ ಮರ್ತುಹೋಗೇದ. ಮರ್ತದ್ದೂ ಅದಕ್ಕ ಗೊತ್ತಿಲ್ಲ."

ಇಂಥ ಮಾತು ಯಾರಾದರೂ ಕೇಳಿದ್ದೀರಾ? ಕಣ್ಣಿದೆ, ಕಾಣುವುದಿಲ್ಲ. ಕಾಣುವುದಿಲ್ಲ, ಅದು ಗೊತ್ತಾಗುವುದಿಲ್ಲ. ಎಲ್ಲ ಕಾಣುತ್ತದೆ ಎಂದು ನಾನು ಹೇಳಿದರೆ, ಅದೇ ರೋಗ! ಯಾವ ಕಡೆಯಿಂದ ವಾದ ಮಾಡಿದರೂ ಅವಳೇ ಗೆಲ್ಲುವ ಕಾಯಿಲೆಯನ್ನು ನನ್ನ ತಲೆಗೆ ಕಟ್ಟಿದ್ದಳು.

ಅಷ್ಟರಲ್ಲಿ ಕಾರ್ಖಾನೆಯ ವೈದ್ಯರ ಪತ್ರ ಆಸ್ಪತ್ರೆಗೆ ಹೋಗಿತ್ತು. ಈ ನೌಕರನ ಮೆದುಳು ಆಪರೇಟರ್ ಕೆಲಸಕ್ಕೆ ಯೋಗ್ಯವೇ, ತಿಳಿಸುವುದು. ಆ ಆಸ್ಪತ್ರೆಯಲ್ಲಿ ಅಂಥ ಪತ್ರಕ್ಕೆ ಉತ್ತರ ಬರೆಯುವವಳು ಒಬ್ಬಳೇ. ಅವಳು ನನ್ನ ಅಕ್ಕ. ನನಗೆ ಒಳಗೊಳಗೇ ಖುಷಿ. ಮನೆಯಲ್ಲೇ ಸರ್ಟಿಫಿಕೇಟು ಇದ್ದಂತಾಯಿತಲ್ಲ! ಆದರೆ ಅಕ್ಕ ಬರೆದದ್ದು ಒಂದೇ ಸಾಲು. ಈಗ ಯೋಗ್ಯನಲ್ಲ. ಕೆಳಗೆ ದುಂಡಗೆ ಸಹಿ. ಅದರ ಕೆಳಗೆ, ಪರೀಕ್ಷಿಸಿದವಳು ಇವನ ಅಕ್ಕ, ಬೇಕಾದರೆ ಬೇರೆಯವರಿಂದಲೂ ನೋಡಿಸಬಹುದು ಎಂಬ ಪ್ರಾಮಾಣಿಕತೆ ಬೇರೆ!

ನಾನು ಮನೆಯನ್ನು ತಲೆಯ ಮೇಲೆ ಹೊತ್ತೆ. "ಹಮಾಲಗ ಒಂದು ನ್ಯಾಯ, ನನಗೊಂದು ನ್ಯಾಯ? ನನ್ನ ಅನ್ನಕ್ಕ ಮಣ್ಣ ಹಾಕ್ತೀಯೇನು?"

"ಎಡಗಡಿ ಮೀಟರಿನ ಮುಳ್ಳು ಕೆಂಪಿಗೆ ಹೋತು ಅಂದ್ರ ಯಾರು ನೋಡಾವ್ರು?"

"ನಾನು! ಮತ್ಯಾರು?"

"ಚಟ್ನಿ ಕಾಣದಾವಗ ಮುಳ್ಳು ಕಾಣ್ತದೇನೋ? ನೀ ಒಬ್ಬಾವನ ಅಲ್ಲ, ಆ ಪಾಳಿಯೊಳಗ ಇನ್ನೂ ಮೂವತ್ತು ಮಂದಿ ಇರ್ತಾರ."

ಕಾರ್ಖಾನೆಯವರು ಆರು ತಿಂಗಳು ಕಾಯುವುದಾಗಿ ಹೇಳಿದರು. ಅಷ್ಟರೊಳಗೆ ಯೋಗ್ಯ ಎಂಬ ಕಾಗದ ಬಂದರೆ ನನ್ನ ಕೆಲಸ ನನಗೆ. ಇಲ್ಲವಾದರೆ ಬೇರೆಯವರಿಗೆ.

ಅಕ್ಕ ಒಬ್ಬಳೇ ಲೋಕದಲ್ಲಿ ಡಾಕ್ಟರೇ? ಅವಳೇ ಬರೆದಿದ್ದಾಳಲ್ಲ, ಬೇರೆಯವರಿಂದ ನೋಡಿಸಬಹುದು ಎಂದು! ಓಣಿಯ ತುದಿಯ ಒಬ್ಬ ವೃದ್ಧ ವೈದ್ಯರ ಬಳಿಗೆ ಹೋದೆ. ನಾಡಿ ನೋಡಿದರು, ನಾಲಿಗೆ ನೋಡಿದರು, ಬೆನ್ನು ತಟ್ಟಿ "ಏಕದಂ ಫಸ್ಟ್ ಕ್ಲಾಸ್" ಎಂದು ಸರ್ಟಿಫಿಕೇಟು ಬರೆದುಕೊಟ್ಟರು. ಅದನ್ನು ಹಿಡಿದು ಜಗದ್ಗುರುವಿನಂತೆ ಮನೆಗೆ ನಡೆದೆ. ದಾರಿಯಲ್ಲಿ ಎಡಗಡೆಯಿಂದ ಒಂದು ಟಾಂಗಾ ಆಕಾಶದಿಂದ ಇಳಿದಂತೆ ಬಂದು, ಕುದುರೆಯ ಮೂತಿ ನನ್ನ ಭುಜಕ್ಕೆ ಹತ್ತಿತು. ಟಾಂಗಾವಾಲಾನಿಗೆ ಕಣ್ಣು ಕಾಣುವುದಿಲ್ಲವೇ ಎಂದು ನಾಲ್ಕು ಜನ ಸೇರುವಂತೆ ಬೈದು, ಮನೆಗೆ ಬಂದು ಅಕ್ಕನ ಎದುರು ನಿಂತು ಜೇಬಿಗೆ ಕೈ ಹಾಕಿದೆ. ಸರ್ಟಿಫಿಕೇಟು ಇಲ್ಲ! ಅಂಗಿಯ ಜೇಬು, ಪ್ಯಾಂಟಿನ ಜೇಬು, ಎಲ್ಲ ತಡಕಿದೆ. ಟಾಂಗಾವಾಲಾನೇ ಎಗರಿಸಿದ್ದಾನೆ ಎಂದು ಕೂಗಿ, ಪೊಲೀಸ್ ಚೌಕಿಗೆ ಹೊರಟೆ.

ಬಾಗಿಲಲ್ಲಿ ಅವ್ವ ಮೆಲ್ಲಗೆ ಕೇಳಿದಳು. "ಎಡಗೈಯಾಗ ಹಿಡ್ಕೊಂಡೀಯಲ್ಲ ತಮ್ಮಾ, ಅದೇನು?"

ಅವ್ವನೇ ಬಂದು ಆ ಕೈಯನ್ನು ಎತ್ತಿ ನನ್ನ ಮುಖದ ಮುಂದೆ ತಂದಳು. ಕಾಗದ ನನ್ನ ಬೆರಳುಗಳ ನಡುವೆಯೇ ಇತ್ತು. ಇಷ್ಟು ಹೊತ್ತೂ ಇತ್ತು. ಕೈ ನನ್ನದೇ. ಹೆದರಿಕೆ ಅಂದರೇನೆಂದು ನನಗೆ ಅಂದು ಗೊತ್ತಾಯಿತು. ಟ್ರೇನಿನಿಂದ ಬೀಳುವಾಗಲೂ ನಾನು ಅಷ್ಟು ಹೆದರಿರಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅಕ್ಕ "ನಾ ಹೇಳಿರಲಿಲ್ಲೇನು?" ಎಂದು ಚುಚ್ಚಲಿಲ್ಲ. ಕಾಗದವನ್ನು ಮಡಚಿ ಟ್ರಂಕಿನಲ್ಲಿಟ್ಟು, "ನಾಳಿಂದ ಅಭ್ಯಾಸ ಶುರು ಮಾಡೂಣು" ಎಂದಳು.

ಆಮೇಲಿನ ನನ್ನ ಮಾನಹಾನಿಯ ವಿವರ ಕೇಳಬೇಕೇ? ದಿನಪತ್ರಿಕೆಯ ಎಡ ಅಂಚಿಗೆಲ್ಲ ಕುಂಕುಮ ಕಲಸಿ ಕೆಂಪು ಗೆರೆ ಎಳೆದಳು. ಪ್ರತಿ ಸಾಲಿಗೂ ಆ ಕೆಂಪು ಗೆರೆ ಸಿಗುವವರೆಗೆ ಎಡಕ್ಕೆ ಹೋಗಬೇಕು, ಆಮೇಲೆ ಓದಲು ಶುರು ಮಾಡಬೇಕು. ಒಂದನೇ ಇಯತ್ತೆಯ ಹುಡುಗನಂತೆ ಬೆರಳಿಟ್ಟು ಓದಿದೆ. ಊಟಕ್ಕೆ ಕೂತರೆ ಎಡಗಡೆ ಅವಳು. ಬಜಾರಿಗೆ ಹೊರಟರೆ ಎಡಗಡೆ ಅವಳು. ಮಾತಾಡಿಸುವುದೂ ಆ ಕಡೆಯಿಂದಲೇ, ತಿರುಗದಿದ್ದರೆ ಛತ್ರಿಯ ತುದಿಯಿಂದ ತಿವಿತ! ರವಿವಾರ ರಾಯರ ಹೋಟೆಲಿಗೆ ಕರೆದೊಯ್ದು ಗೋಡೆಯ ಬೋರ್ಡು ಓದಿಸುತ್ತಿದ್ದಳು. ಮೊದಲ ದಿನ ಓದಿ ನಾನೇ ರಾಯರನ್ನು ತರಾಟೆಗೆ ತೆಗೆದುಕೊಂಡೆ.

"ಏನ್ ಹೋಟೆಲ್ರೀ ರಾಯರ, ಬರೇ ರೇಟ್ ಬರ್ದೀರಿ. ತಿಂಡಿ ಎಲ್ಲದ?"

"ತಿಂಡಿ ಎಡಬದಿಯಲ್ಲಿ ಉಂಟು ಮಾರಾಯ್ರೆ" ಎಂದರು ರಾಯರು. ಈ ಸಲ ಅವರೂ ನಗಲಿಲ್ಲ. ಬಿಸಿ ಇಡ್ಲಿ ತರಿಸಿ ನನ್ನ ಎಡಗೈಯ ಹತ್ತಿರ ಇಟ್ಟು, ಅದನ್ನು ನಾನಾಗಿಯೇ ಕಂಡುಹಿಡಿಯುವವರೆಗೆ ಗಲ್ಲಾಪೆಟ್ಟಿಗೆಯ ಬಳಿಗೆ ಹೋಗದೆ ನಿಂತರು.

ಎರಡನೇ ತಿಂಗಳಲ್ಲಿ ಅಕ್ಕ ನನ್ನಿಂದ ಕೇಳಿ ಕೇಳಿ ಕಾರ್ಖಾನೆಯ ಮೀಟರುಗಳ ಗೋಡೆಯನ್ನೇ ನಮ್ಮ ಅಡುಗೆಮನೆಯ ಬಾಗಿಲ ಮೇಲೆ ಕಟ್ಟಿದಳು. ಡಬ್ಬಿಗಳ ಮುಚ್ಚಳಗಳೇ ಮೀಟರು, ಬಿದಿರಿನ ಕಡ್ಡಿಗಳೇ ಮುಳ್ಳು. ಬಾಗಿಲ ಹಿಂದೆ ನಿಂತು ದಾರ ಎಳೆದರೆ ಒಂದಲ್ಲ ಒಂದು ಕಡ್ಡಿ ಕೆಂಪಿಗೆ ಹೋಗುತ್ತಿತ್ತು. ನಾನು ತಕ್ಷಣ ಕೂಗಬೇಕು. ಅವಳು ಆಸ್ಪತ್ರೆಗೆ ಹೋದಾಗ ಅವ್ವ ದಾರ ಎಳೆಯುತ್ತಿದ್ದಳು. ಸಾರು ಕುದಿಯುವಾಗಲೂ ನಮ್ಮ ಮನೆಯಲ್ಲಿ ರಿಯಾಕ್ಟರಿನದೇ ಗದ್ದಲ. ಎದುರು ಮನೆಯ ಜೋಶಿಬಾಯಿ, ಈ ಕುಟುಂಬದಲ್ಲಿ ಪೆಟ್ಟು ಬಿದ್ದದ್ದು ಒಬ್ಬರ ತಲೆಗೆ ಮಾತ್ರವೇ ಎಂದು ಓಣಿಯಲ್ಲಿ ವಿಚಾರಿಸುತ್ತಿದ್ದಳಂತೆ.

ಐದನೇ ತಿಂಗಳಲ್ಲಿ ಮತ್ತೆ ಪರೀಕ್ಷೆ. ಗಡಿಯಾರ ಬರೆದೆ, ಅಂಕಿಗಳೆಲ್ಲ ಸುತ್ತಲೂ ಸರಿಯಾಗಿ ಕೂತವು. ಕಾಗದದ ಮೇಲೆ ಎಳೆದುಕೊಟ್ಟ ಗೆರೆಗಳಿಗೆ ಸರಿಯಾಗಿ ನಡುಮಧ್ಯ ಗುರುತು ಹಾಕಿದೆ. ಕೊನೆಗೆ ಬಾಗಿಲ ಮೀಟರು. ನಲವತ್ತು ಸಲ ದಾರ ಎಳೆದಳು, ಮೂವತ್ತೊಂಬತ್ತು ಸಲ ಕೂಗಿದೆ. ಎಡ ಮೂಲೆಯ ಕೆಳಗಿನ ಒಂದೇ ಒಂದು ಮುಚ್ಚಳ ತಪ್ಪಿತು. ಇಡೀ ಆಯುಷ್ಯದಲ್ಲಿ ನನಗೆ ಅಷ್ಟು ಮಾರ್ಕು ಬಿದ್ದಿರಲಿಲ್ಲ!

ಅಕ್ಕ ವಹಿ ಮುಚ್ಚಿದಳು. "ಆಗೂದಿಲ್ಲ."

"ಒಂದ! ಒಂದ ತಪ್ಪು! ನಲವತ್ತರಾಗ ಒಂದು!"

"ಸುಡ್ಲಿಕ್ಕೆ ಒಂದ ಸಾಕು."

ಎರಡನೇ ಸಲ ಫೇಲು! ಹನ್ನೊಂದು ದಿನ ಅವಳೊಡನೆ ಮಾತು ಬಿಟ್ಟೆ. ನನ್ನ ಎಡಗಡೆಗೆ ಬಂದು ಕೂತರೆ ಎದ್ದು ಹೋಗುತ್ತಿದ್ದೆ. ಹನ್ನೊಂದು ದಿನವೂ ಅವಳು ಆಸ್ಪತ್ರೆಯಿಂದ ಬಂದು, ಸೀರೆ ಕೂಡ ಬದಲಿಸದೆ ಬಾಗಿಲ ಹಿಂದೆ ಹೋಗಿ ದಾರ ಹಿಡಿದು ನಿಲ್ಲುತ್ತಿದ್ದಳು. ಮಾತು ಬಿಟ್ಟಿದ್ದರೂ ಕೆಂಪು ಕಂಡಾಗ ಕೂಗಲೇಬೇಕಲ್ಲ. "ಎಡಕ್ಕ, ಮೂರನೇದು!" ಎಂದು ಬಾಗಿಲಿಗೆ ಹೇಳುತ್ತಿದ್ದೆ, ಅವಳಿಗಲ್ಲ.

ಆರು ತಿಂಗಳು ತುಂಬಲು ನಾಲ್ಕು ದಿನವಿದ್ದಾಗ ನಲವತ್ತಕ್ಕೆ ನಲವತ್ತು. ಇನ್ನೊಮ್ಮೆ ಮಾಡು ಎಂದಳು, ಮತ್ತೆ ನಲವತ್ತು. ಮರುದಿನ ಇನ್ನೊಮ್ಮೆ. ಆಮೇಲೆ ಯೋಗ್ಯ ಎಂದು ಬರೆದು ಸಹಿ ಮಾಡಿದಳು. ಅಷ್ಟು ದುಂಡಗೆ ಸಹಿ ಮಾಡುವವಳ ಅಕ್ಷರ ಆ ದಿನ ಯಾಕೋ ಕೋಳಿ ಕೆದರಿದಂತಿತ್ತು.

ಕೆಲಸಕ್ಕೆ ಮರಳುವ ದಿನ ಬೆಳಗಿನ ಏಳರಿಂದ ಮೂರರ ಪಾಳಿ. ಹೊರಡುವಾಗಲೇ ಎಚ್ಚರಿಕೆ ಕೊಟ್ಟೆ. "ಹಿಂದ ಬಂದ್ರ ನೋಡು, ಮರ್ಯಾದಿ ಹೋಗ್ತದ." ಅಕ್ಕ, "ನನಗ ಠಾಣೆದಾಗ ಕೆಲಸಿಲ್ಲೇನು?" ಎಂದು ಚೀಲ ಹೆಗಲಿಗೇರಿಸಿಕೊಂಡಳು. ಕಾರ್ಖಾನೆಯಲ್ಲಿ ಎಂಟು ತಾಸು ಆ ಗೋಡೆಯ ಮುಂದೆ ನಿಂತೆ. ಪ್ರತಿ ಸಲವೂ ಎಡ ಅಂಚಿನಿಂದ ನೋಡಲು ಶುರು ಮಾಡಿದೆ, ಅಲ್ಲಿ ಕುಂಕುಮದ ಗೆರೆಯಿದೆ ಎಂದುಕೊಂಡು. ಎರಡು ಸಲ ಎಡಗಡೆಯ ಮುಳ್ಳು ಮೇಲೇರಿತು. ಎರಡು ಸಲವೂ ವಾಲ್ವ್ ತಿರುಗಿಸಿದೆ. ಏನೂ ಆಗಲಿಲ್ಲ. ಏನೂ ಆಗದಿರುವುದೇ ನನ್ನ ಕೆಲಸ.

ಮೂರು ಗಂಟೆಗೆ ಪಾಳಿ ಬಿಡುವ ಭೋಂಗಾ ಕೂಗಿತು. ಜನರ ನಡುವೆ ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟಿರಬೇಕು, ಎಡಗಡೆ ಏನೋ ಇದ್ದಂತಾಯಿತು. ತಿರುಗಿದೆ. ಚಹಾದ ಟಪರಿ, ಟಪರಿಯ ಮುಂದೆ ಮುರುಕು ಬೆಂಚು, ಬೆಂಚಿನ ಮೇಲೆ ಛತ್ರಿ, ಚೀಲ, ಮತ್ತು ನಮ್ಮಕ್ಕ!

ಸ್ಟಾಪ್‌ವಾಚು ಟಕ್ಕೆಂದಿತು.

"ನಾಕು ಸೆಕೆಂಡು" ಎಂದಳು.

ನನಗೆ ಬಂದ ಸಿಟ್ಟು ಎಂಥದು ಗೊತ್ತೇ? ಕಾರ್ಖಾನೆಯ ಗೇಟಿಗೂ ಬಂದು, ಇಡೀ ಪಾಳಿಯ ಎದುರು ಪರೀಕ್ಷೆ! "ಇಲ್ಲೂ ಬಿಡೂದಿಲ್ಲೇನು? ನಾ ನೋಡದ ಹಂಗ ಹೋಗಿದ್ರ ಏನು ಮಾಡ್ತಿದ್ದಿ?"

"ಒಳಗ ಹೋಗಿ ಆ ಸರ್ಟಿಫಿಕೇಟ್ ಹರ್ದು ಬರ್ತಿದ್ದೆ."

ಇನ್ನೂ ನಾಲ್ಕು ಮಾತು ಅನ್ನಬೇಕೆಂದು ಬಾಯಿ ತೆಗೆದೆ. ಅಷ್ಟರಲ್ಲಿ ಟಪರಿಯ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ. "ಬಾಯಿ ಸಕಾಳಪಾಸೂನ್ ಇಥೇಚ್ ಬಸಲ್ಯಾತ್." ಬೆಳಗಿನಿಂದ ಇಲ್ಲೇ ಕೂತಿದ್ದಾಳಂತೆ. ಆಮೇಲೆ ತನ್ನ ಮುರುಕು ಹಿಂದಿಯಲ್ಲಿ ಉಳಿದದ್ದನ್ನೂ ಹೇಳಿದ. ಊಟವಿಲ್ಲ. ಚಹಾ ಕೊಟ್ಟರೆ ಕುಡಿಯುವುದಿಲ್ಲ. ಒಳಗೆ ಎಲ್ಲಾದರೂ ಉಗಿ ಬಿಟ್ಟ ಸದ್ದಾದರೆ ಸಾಕು, ಎದ್ದು ಗೇಟಿನವರೆಗೆ ಹೋಗಿ ನಿಂತು ಬರುತ್ತಿದ್ದಳಂತೆ. ಬೆಂಚಿನ ಮೇಲೆ ಒಂದು ಗ್ಲಾಸು ಇತ್ತು. ಅದರ ಚಹಾದ ಮೇಲೆ ದಪ್ಪ ಕೆನೆ ಕಟ್ಟಿ, ಒಂದು ನೊಣ ಬಿದ್ದಿತ್ತು.

"ಟೆಸ್ಟ್ ಮ್ಯಾಲೆ ನಂಬಿಕಿ ಇರಲಿಲ್ಲೇನು ಅಕ್ಕಾ?" ಎಂದೆ.

"ಟೆಸ್ಟ್ ಮ್ಯಾಲೆ ಇತ್ತೋ" ಎಂದಳು. "ಠಾಣೆತನಕ ಹೋಗಿದ್ದೆ. ಇಳೀಲಿಕ್ಕೆ ಆಗಲಿಲ್ಲ. ಅದ ಗಾಡ್ಯಾಗ ಹೊಳ್ಳಿ ಬಂದೆ."

ಏಳಲು ಹೋದಳು. ಕಾಲು ಜೋಮು ಹಿಡಿದು ಮತ್ತೆ ಕೂತಳು. ಊರಿನವರನ್ನೆಲ್ಲ ಪರೀಕ್ಷಿಸಿದ ನಮ್ಮಕ್ಕ, ಆರು ತಿಂಗಳು ಒಮ್ಮೆಯೂ ಕಣ್ಣೀರು ತೋರಿಸದ ನಮ್ಮಕ್ಕ, ಆ ಮುರುಕು ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಹೊಸ ಚಹಾ ಹೇಳಿದೆ. ಕುಡಿಸಿದೆ.

ಸ್ಟೇಷನ್ನಿಗೆ ಹೊರಟಾಗ ರೂಢಿಯಂತೆ ನನ್ನ ಎಡಗಡೆಗೆ ಬಂದಳು. ಈ ಸಲ ನಾನು ದೂರ ಸರಿಯಲಿಲ್ಲ. ಮರದ ತುಂಡು, ಚಿತ್ರ, ವಹಿ ಎಲ್ಲ ತುಂಬಿದ್ದ ಆ ಭಾರದ ಚೀಲವನ್ನು ಅವಳ ಹೆಗಲಿನಿಂದ ಇಳಿಸಿಕೊಂಡೆ. ಡೊಂಬಿವಲಿಯಿಂದ ಠಾಕುರ್ಲಿ, ಠಾಕುರ್ಲಿಯಿಂದ ಕಲ್ಯಾಣ, ಅಲ್ಲಿಂದ ಮನೆಯ ಹೊಸ್ತಿಲು ಬರುವವರೆಗೂ ಅದು ನನ್ನ ಎಡಗೈಯಲ್ಲೇ ಇತ್ತು. ಇದೆಯೆಂದು ನನಗೆ ಗೊತ್ತಿತ್ತು.